ಓದುಗರ ಪ್ರಶ್ನೆ: ದಾನಿಶ್ ಸೇಠ್ ಥರ ಆಗೋದು ಹೇಗೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೊಬೈಲ್‌ನಲ್ಲಿ ನೋಡುವ ಕಾಮಿಡಿ ಬಗ್ಗೆ ಇದ್ದವು. ಅದರಲ್ಲೂ ಬೆಂಗಳೂರಿನ ಕಾಮಿಡಿ ನಟ ದಾನಿಶ್ ಸೇಠ್ ಹೆಸರು ಮತ್ತೆ ಮತ್ತೆ ಬಂತು. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ. ಬೇರೆ ವಿಷಯ ಕೇಳಿದವರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರ: ನನ್ನ ಮಗ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾನೆ. ಕಾಲೇಜು ಬಿಟ್ಟು ಕಾಮಿಡಿ ವಿಡಿಯೊ ಮಾಡ್ತೀನಿ ಅಂತ ಹಟ ಹಿಡಿದಿದ್ದಾನೆ. ದಾನಿಶ್ ಸೇಠ್ ಲಾಕ್‌ಡೌನ್‌ನಲ್ಲಿ ನಾಲ್ಕು ವಿಡಿಯೊ ಹಾಕಿ ಫೇಮಸ್ ಆದರಂತೆ, ಇವನೂ ಹಾಗೇ ಆಗ್ತಾನಂತೆ. ಏನು ಹೇಳಲಿ?
— ಒಬ್ಬ ತಾಯಿ, ದಾವಣಗೆರೆ

ಉ: ಅಮ್ಮ, ನಿಮ್ಮ ಮಗ ಕಥೆಯ ಕೊನೆಯ ಭಾಗ ಮಾತ್ರ ನೋಡಿದ್ದಾನೆ. ಲಾಕ್‌ಡೌನ್ ಶುರುವಾಗಿದ್ದು 2020ರ ಮಾರ್ಚ್ 25ಕ್ಕೆ. ಅಷ್ಟು ಹೊತ್ತಿಗೆ ದಾನಿಶ್ ಬೆಂಗಳೂರಿನ ಎಫ್‌ಎಂ ರೇಡಿಯೊದಲ್ಲಿ ವರ್ಷಗಟ್ಟಲೆ ಮಾತಾಡಿ ಮುಗಿಸಿದ್ದರು. ಫೀವರ್ 104ರಲ್ಲಿ ಅವರ ಪ್ರ್ಯಾಂಕ್ ಕಾಲ್‌ಗಳು ಬರುತ್ತಿದ್ದವು. ನಿರ್ದೇಶಕ ಸಾದ್ ಖಾನ್ ಅವರ ಜೊತೆ ಸೇರಿ 'ದಿ ಇಂಪ್ರೊವ್' ಅನ್ನುವ ತಂಡದಲ್ಲಿ ಸ್ಟೇಜ್ ಶೋ ಮಾಡುತ್ತಿದ್ದರು. ಅಲ್ಲಿ ಸ್ಕ್ರಿಪ್ಟ್ ಅಂತ ಇರುವುದಿಲ್ಲ, ಪ್ರೇಕ್ಷಕರು ಕೂಗಿ ಹೇಳಿದ ವಿಷಯಕ್ಕೆ ನಿಂತ ಜಾಗದಲ್ಲೇ ಸೀನ್ ಕಟ್ಟಬೇಕು. ಆರ್‌ಸಿಬಿಯ ವಿಡಿಯೊಗಳಲ್ಲಿ ಆಟಗಾರರನ್ನು ಕೆಣಕಿ ಸಂದರ್ಶನ ಮಾಡುವ ಮಿಸ್ಟರ್ ನ್ಯಾಗ್ಸ್ ಆಗಿದ್ದರು. 2018ರ ಜನವರಿಯಲ್ಲಿ ಅವರು ಹೀರೊ ಆಗಿದ್ದ 'ಹಂಬಲ್ ಪೊಲಿಟಿಷಿಯನ್ ನೊಗ್ರಾಜ್' ಥಿಯೇಟರ್‌ಗೆ ಬಂದಿತ್ತು. ಲಾಕ್‌ಡೌನ್ ಬಂದಾಗ ಅವರ ಹತ್ತಿರ ಉಳಿದಿದ್ದು ಫೋನ್ ಒಂದೇ ಅನ್ನೋದು ನಿಜ. ಆದರೆ ಆ ಫೋನ್ ಮುಂದೆ ಕೂತ ಮನುಷ್ಯನಿಗೆ ಅಷ್ಟು ವರ್ಷದ ಅಭ್ಯಾಸ ಇತ್ತು.

ಪ್ರ್ಯಾಂಕ್ ಕಾಲ್ ಎಷ್ಟು ಕಷ್ಟದ ಕೆಲಸ ಅಂತ ಒಂದು ಸಲ ಯೋಚಿಸಿ. ಮುಖ ಕಾಣುವುದಿಲ್ಲ. ಆ ಕಡೆಯವರಿಗೆ ಇದು ತಮಾಷೆ ಅಂತ ಗೊತ್ತಿಲ್ಲ. ಮೊದಲ ಕೆಲವು ಸೆಕೆಂಡ್‌ನಲ್ಲೇ ದನಿ ಕೇಳಿ ಅವರು ನಂಬಬೇಕು, ಇಲ್ಲಾಂದ್ರೆ ಫೋನ್ ಇಟ್ಟುಬಿಡುತ್ತಾರೆ. ನಂಬಿದ ಮೇಲೆ ಅವರು ಏನು ಹೇಳುತ್ತಾರೋ ಅದನ್ನೇ ಹಿಡಿದು ಮುಂದಕ್ಕೆ ಹೋಗಬೇಕು, ನಾವು ಬರೆದುಕೊಂಡಿದ್ದು ಏನೂ ನಡೆಯುವುದಿಲ್ಲ. ಅಲ್ಲಿ ಕಲಿಯುವುದು ಕೇಳಿಸಿಕೊಳ್ಳುವುದನ್ನು. ಬೆಂಗಳೂರಿನ ಒಬ್ಬ ಅಂಗಡಿಯವರು, ಒಬ್ಬ ಆಂಟಿ, ಒಬ್ಬ ಏರಿಯಾ ಲೀಡರ್ ಹೇಗೆ ಮಾತಾಡುತ್ತಾರೆ, ಎಲ್ಲಿ ಸಿಟ್ಟು ಬರುತ್ತೆ, ಸಿಟ್ಟು ಬಂದಾಗ ಯಾವ ಭಾಷೆಗೆ ಹೋಗುತ್ತಾರೆ ಅನ್ನೋದು ಕಿವಿಗೆ ಇಳಿಯಬೇಕು. ನನಗೆ ದಾನಿಶ್ ಅವರ ಇಡೀ ವೃತ್ತಿಯಲ್ಲಿ ದೊಡ್ಡದಾಗಿ ಕಾಣುವುದು ಈ ಕಿವಿ. ವ್ಯೂಸ್ ಎಲ್ಲ ಆಮೇಲೆ.

ಮಗನಿಗೆ ಬೈಯಬೇಡಿ. ಬೇಡ ಅಂತಲೂ ಹೇಳಬೇಡಿ. ಕಾಲೇಜು ಬಿಡುವ ಅಗತ್ಯ ಯಾಕೆ ಬಂತು ಅಂತ ಕೇಳಿ. ನಮ್ಮ ಕಾಲೇಜು ಫೆಸ್ಟ್‌ಗಳಲ್ಲಿ ಮ್ಯಾಡ್ ಆಡ್ಸ್ ಅಂತ ಒಂದು ಸ್ಪರ್ಧೆ ಇರುತ್ತೆ, ಕೈಗೊಂದು ಚಪ್ಪಲಿಯನ್ನೋ ಬಕೆಟನ್ನೋ ಕೊಟ್ಟು ಇದಕ್ಕೆ ಜಾಹೀರಾತು ಮಾಡಿ ಅನ್ನುತ್ತಾರೆ. ಅವನು ಅದರಲ್ಲಿ ನಿಂತಿದ್ದಾನಾ? ವಾರಕ್ಕೊಂದು ವಿಡಿಯೊ ತಪ್ಪದೆ ಹಾಕುತ್ತಿದ್ದಾನಾ? ಡಿಗ್ರಿ ಮುಗಿಯುವ ತನಕ ಇವೆರಡನ್ನೂ ಮಾಡಲಿ. ಆಮೇಲೂ ಇದೇ ಬೇಕು ಅನ್ನಿಸಿದರೆ ನೀವೇ ಅವನ ಪಕ್ಕ ನಿಲ್ಲಿ.

ಪ್ರ: ಆ ಲಾಕ್‌ಡೌನ್ ವಿಡಿಯೊಗಳಲ್ಲಿ ಅಂಥದ್ದೇನಿತ್ತು? ಒಬ್ಬರೇ ಕೂತು ನಾಲ್ಕು ದನಿಯಲ್ಲಿ ಮಾತಾಡೋದು ತಾನೇ? ನಮ್ಮ ಮನೆಯಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು, ನನಗೆ ಮಾತ್ರ ಕಾರಣ ಗೊತ್ತಾಗಲಿಲ್ಲ.
— ಮೈಸೂರಿನ ಓದುಗರು

ಉ: ಒಳ್ಳೆ ಪ್ರಶ್ನೆ. ಬ್ರೋ, ಜಯಾ, ದೀದಿ, ರಾಮಮೂರ್ತಿ ಅನ್ನುವ ಆ ಪಾತ್ರಗಳಿಗೆಲ್ಲ ದಾನಿಶ್ ಅವರದು ಒಂದೇ ಮುಖ. ಮೇಕಪ್ ಇಲ್ಲ, ಸೆಟ್ ಇಲ್ಲ, ಹಿಂದೆ ಮ್ಯೂಸಿಕ್ ಹಾಕಿ ನಗಿಸುವ ಪ್ರಯತ್ನ ಇಲ್ಲ. ಆದರೂ ಯಾರು ಮಾತಾಡುತ್ತಿದ್ದಾರೆ ಅಂತ ನಮಗೆ ಒಂದು ಕ್ಷಣವೂ ಗೊಂದಲ ಆಗುವುದಿಲ್ಲ.

ಒಂದು ಕೆಲಸ ಮಾಡಿ. ಯಾವುದಾದರೂ ಒಂದು ವಿಡಿಯೊವನ್ನು ಸೌಂಡ್ ತೆಗೆದು ನೋಡಿ. ಒಂದು ಪಾತ್ರ ಫೋನನ್ನು ಹತ್ತಿರ ಹಿಡಿದಿರುತ್ತೆ, ಇನ್ನೊಂದು ಸ್ವಲ್ಪ ದೂರ. ಒಬ್ಬರ ಗಲ್ಲ ಮೇಲೆ, ಇನ್ನೊಬ್ಬರದು ಕೆಳಗೆ. ಕಣ್ಣು ನೋಡುವ ದಿಕ್ಕು ಬೇರೆ. ಒಬ್ಬರು ಮಾತು ಮುಗಿಸುವ ಮೊದಲೇ ಇನ್ನೊಬ್ಬರಿಗೆ ಕಟ್ ಆಗುತ್ತೆ, ಅದಕ್ಕೇ ನಿಜವಾದ ಇಬ್ಬರು ಜಗಳ ಆಡಿದ ಹಾಗೆ ಕಾಣುವುದು. ಆಮೇಲೆ ಕಣ್ಣು ಮುಚ್ಚಿಕೊಂಡು ಬರೀ ಸೌಂಡ್ ಕೇಳಿ. ಯಾರ ಹೆಸರನ್ನೂ ಹೇಳದಿದ್ದರೂ ಇದು ರಾಮಮೂರ್ತಿ, ಇದು ಜಯಾ ಅಂತ ಗೊತ್ತಾಗುತ್ತೆ. ರೇಡಿಯೊದಲ್ಲಿ ಕಲಿತಿದ್ದು ಅಲ್ಲಿ ಕೆಲಸಕ್ಕೆ ಬಂತು.

ಇನ್ನೊಂದು ಕಾರಣ ಆ ಹೊತ್ತು. ಮನೆಯೊಳಗೆ ಕೂತಿದ್ದೆವು. ಅಪಾರ್ಟ್‌ಮೆಂಟ್ ಗೇಟ್ ಹತ್ತಿರ ಯಾರನ್ನು ಬಿಡಬೇಕು, ಕೆಲಸದವರು ಬರಬಹುದಾ, ವೈನ್ ಶಾಪ್ ಯಾವಾಗ ತೆಗೀತಾರೆ ಅನ್ನೋದೇ ದೇಶದ ದೊಡ್ಡ ಚರ್ಚೆ ಆಗಿತ್ತು. ಅವತ್ತು ಬೆಳಿಗ್ಗೆ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ನಡೆದ ಜಗಳ ಸಂಜೆ ಹೊತ್ತಿಗೆ ಅವರ ವಿಡಿಯೊದಲ್ಲಿ ಇರುತ್ತಿತ್ತು. ಹೆದರಿಕೆ ಇದ್ದ ದಿನಗಳು ಅವು. ನಮ್ಮ ಹಾಗೇ ಒಬ್ಬರು ಮನೆಯಲ್ಲಿ ಸಿಕ್ಕಿಕೊಂಡು, ನಮಗೆ ನಗು ಬರಲಿ ಅಂತ ದಿನಾ ಕೆಲಸ ಮಾಡುತ್ತಿದ್ದಾರೆ ಅನ್ನುವುದೇ ಎಷ್ಟೋ ಜನಕ್ಕೆ ಸಮಾಧಾನ ಕೊಟ್ಟಿತು. ಅದಕ್ಕೆ ನಾನು ಇವತ್ತಿಗೂ ಅವರಿಗೆ ಥ್ಯಾಂಕ್ಸ್ ಹೇಳುತ್ತೇನೆ.

ಪ್ರ: ಇವರ ಮಾತಿನಲ್ಲಿ ಕನ್ನಡ ಎಷ್ಟಿದೆ, ಇಂಗ್ಲಿಷ್ ಎಷ್ಟಿದೆ? ಇಂಥ ಕಲಬೆರಕೆ ಭಾಷೆ ಕೇಳಿ ಬೆಳೆದ ಮಕ್ಕಳಿಗೆ ಕನ್ನಡ ಉಳಿಯುತ್ತಾ?
— ನಿವೃತ್ತ ಶಿಕ್ಷಕರು, ಧಾರವಾಡ

ಉ: ಸರ್, ನಿಮ್ಮ ಕಳಕಳಿ ಅರ್ಥವಾಗುತ್ತೆ. ಆದರೆ ಬೆಂಗಳೂರಿನ ಮಾತಿನಿಂದ ನಗು ತೆಗೆಯುವುದು ಹೊಸದಲ್ಲ. ನೂರು ವರ್ಷದ ಹಿಂದೆ ಟಿ.ಪಿ. ಕೈಲಾಸಂ ತಮ್ಮ ನಾಟಕಗಳಲ್ಲಿ ಇದನ್ನೇ ಮಾಡಿದರು. ಕನ್ನಡದಲ್ಲಿ ಶುರುವಾದ ವಾಕ್ಯ ಇಂಗ್ಲಿಷಿನಲ್ಲಿ ಮುಗಿಯುತ್ತಿತ್ತು, ಯಾಕೆಂದರೆ ಆ ಮನೆಗಳಲ್ಲಿ ಜನ ಮಾತಾಡುತ್ತಿದ್ದಿದ್ದೇ ಹಾಗೆ. ಅವತ್ತೂ ಗೊಣಗಿದವರು ಇದ್ದರು. ಇವತ್ತು ನಾವು ಕೈಲಾಸಂ ಅವರನ್ನು ಪಠ್ಯದಲ್ಲಿ ಓದಿಸುತ್ತೇವೆ.

ದಾನಿಶ್ ಹಾಸ್ಯ ಶಿವಾಜಿನಗರದಿಂದ ಜಯನಗರದ ತನಕದ ಬೆಂಗಳೂರಿನದು. ಉರ್ದು ಬೆರೆತ ಕನ್ನಡ, ತಮಿಳು ಬೆರೆತ ಇಂಗ್ಲಿಷ್, ಇಂಗ್ಲಿಷ್ ಬೆರೆತ ಕನ್ನಡ, ಎಲ್ಲ ಅಲ್ಲಿ ಸಿಗುತ್ತೆ. ಅದನ್ನು ತೊಳೆದು ಶುದ್ಧ ಮಾಡಿದರೆ ಆ ಪಾತ್ರಗಳೇ ಇರುವುದಿಲ್ಲ. ಮಕ್ಕಳಿಗೆ ಕನ್ನಡ ಉಳಿಸುವ ಕೆಲಸ ಮನೆಯದು, ಶಾಲೆಯದು. ಅದನ್ನು ಕಾಮಿಡಿ ಮಾಡುವವರ ತಲೆಗೆ ಕಟ್ಟಬಾರದು.

ಮತ್ತೆ ನಿಮ್ಮ ಕಡೆಯ ಕನ್ನಡವೂ ಅದೇ ಮೊಬೈಲ್‌ನಲ್ಲಿ ಜೋರಾಗಿದೆ ಸರ್. ಗಂಗಾವತಿ ಪ್ರಾಣೇಶ್ ಅವರ ಹಾಸ್ಯ ಕ್ಯಾಸೆಟ್ ಕಾಲದಿಂದ ಯೂಟ್ಯೂಬ್ ತನಕ ಬಂದಿದೆ. ಮಲ್ಲು ಜಮಖಂಡಿ ಅವರಂಥ ಹುಡುಗರು ಹೊಲದ ಬದುವಿನಲ್ಲಿ, ಮನೆ ಕಟ್ಟೆ ಮೇಲೆ ಕೂತು ಅಪ್ಪಟ ಉತ್ತರ ಕರ್ನಾಟಕದ ಮಾತಿನಲ್ಲಿ ಕಾಮಿಡಿ ಮಾಡುತ್ತಾರೆ. ಕರಾವಳಿ ಕಡೆಯ ಧನರಾಜ್ ಆಚಾರ್ ಮನೆಮಂದಿಯನ್ನೇ ಕೂರಿಸಿಕೊಂಡು ವಿಡಿಯೊ ಮಾಡಿ, 2024ರಲ್ಲಿ ಬಿಗ್ ಬಾಸ್ ಮನೆಗೂ ಹೋಗಿ ಬಂದರು. ಟಿವಿ ಕಾಲದಲ್ಲಿ ಇಷ್ಟೊಂದು ಥರದ ಕನ್ನಡ ಕೇಳುತ್ತಿರಲಿಲ್ಲ. ನನಗಂತೂ ಇದು ಖುಷಿಯ ವಿಷಯ.

ಪ್ರ: ಮಿಸ್ಟರ್ ನ್ಯಾಗ್ಸ್‌ಗೆ ಆಟಗಾರರು ಹೇಗೆ ಸಿಟ್ಟಾಗಲ್ಲ? ಮುಖದ ಮೇಲೇ ಏನೇನೋ ಕೇಳ್ತಾರಲ್ಲ!
— ಆರ್‌ಸಿಬಿ ಅಭಿಮಾನಿ, ಹುಬ್ಬಳ್ಳಿ

ಉ: ಆಗಾಗ ಸಿಟ್ಟಾದ ಹಾಗೆ ಕಾಣುತ್ತಾರೆ, ಅದೂ ಆಟದ ಭಾಗ. ಆ ಪಾತ್ರದ ಗುಟ್ಟು ಏನಪ್ಪಾ ಅಂದ್ರೆ, ನಾವು ಮನೆಯಲ್ಲಿ ಟಿವಿ ಮುಂದೆ ಕೂತು ಕೂಗುವುದನ್ನು ಅವರು ಕೊಹ್ಲಿ, ಡಿವಿಲಿಯರ್ಸ್ ಎದುರು ನಿಂತು ಕೇಳುತ್ತಾ ಬಂದರು. ಕ್ರಿಕೆಟ್ ಸಂದರ್ಶನ ಅಂದ್ರೆ ಅದೇ ಅದೇ ಮಾತು, ಹುಡುಗರು ಚೆನ್ನಾಗಿ ಆಡಿದರು, ಮುಂದಿನ ಮ್ಯಾಚ್ ನೋಡೋಣ. ಮಿಸ್ಟರ್ ನ್ಯಾಗ್ಸ್ ಅದನ್ನು ಮುರಿದರು.

ಇದರ ಬೆಲೆ ಗೊತ್ತಾಗುವುದು ಸೋತ ವರ್ಷಗಳಲ್ಲಿ. 2008ರಿಂದ ಶುರುಮಾಡಿ ಮೊದಲ 17 ಸೀಸನ್ ನಮಗೆ ಕಪ್ ಬರಲಿಲ್ಲ. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ವಿರುದ್ಧ 6 ರನ್‌ನಿಂದ ಗೆದ್ದಾಗ ಅದು 18ನೇ ಸೀಸನ್. 'ಈ ಸಲ ಕಪ್ ನಮ್ದೇ' ಅಂತ ಹೇಳಿ ಹೇಳಿ ಬೇರೆ ಊರಿನವರು ಆಡಿಕೊಳ್ಳುವ ಹಾಗಾಗಿತ್ತು. ಹಾಗೆ ಆಡಿಕೊಳ್ಳುವ ಮೊದಲೇ ನಮ್ಮವರೇ ಒಬ್ಬರು ನಿಂತು ತಮಾಷೆ ಮಾಡಿದರೆ ನೋವು ಸ್ವಲ್ಪ ಕಮ್ಮಿ ಆಗುತ್ತೆ ಅಲ್ವಾ? ತಂಡದವರು ಅದಕ್ಕೆ ಜಾಗ ಕೊಟ್ಟಿದ್ದೂ ದೊಡ್ಡತನ.

ಪ್ರ: ಯೂಟ್ಯೂಬ್‌ನಲ್ಲಿ ಕಾಮಿಡಿ ಚಾನೆಲ್ ಮಾಡಿದರೆ ಎಷ್ಟು ದುಡ್ಡು ಬರುತ್ತೆ? ಸುಮ್ನೆ ಸುತ್ತಿ ಬಳಸಿ ಹೇಳದೆ ನೇರವಾಗಿ ಹೇಳಿ.
— ಬಿ.ಕಾಂ ವಿದ್ಯಾರ್ಥಿ, ಶಿವಮೊಗ್ಗ

ಉ: ನೇರವಾಗಿಯೇ ಹೇಳುತ್ತೇನೆ. ಜಾಹೀರಾತಿನ ಪಾಲು ಬರಬೇಕಾದರೆ 1,000 ಸಬ್‌ಸ್ಕ್ರೈಬರ್ ಇರಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ ನಿನ್ನ ವಿಡಿಯೊಗಳನ್ನು ಒಟ್ಟು 4,000 ಗಂಟೆ ನೋಡಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್ ಅನ್ನುವ ಚಿಕ್ಕ ವಿಡಿಯೊಗಳಿಗೆ 1 ಕೋಟಿ ವ್ಯೂಸ್ ಬಂದಿರಬೇಕು. ಉದ್ದದ ವಿಡಿಯೊದಲ್ಲಿ ಜಾಹೀರಾತಿನ ದುಡ್ಡಿನಲ್ಲಿ 55 ಶೇಕಡಾ ಮಾಡಿದವರಿಗೆ, ಉಳಿದದ್ದು ಯೂಟ್ಯೂಬ್‌ಗೆ. ಶಾರ್ಟ್ಸ್‌ನಲ್ಲಿ ಲೆಕ್ಕ ಬೇರೆ, ಎಲ್ಲರ ಜಾಹೀರಾತಿನ ದುಡ್ಡು ಒಂದೇ ಕಡೆ ಸೇರಿಸಿ, ಮ್ಯೂಸಿಕ್‌ನವರ ಪಾಲು ತೆಗೆದು, ವ್ಯೂಸ್ ಪ್ರಕಾರ ನಿನ್ನ ಲೆಕ್ಕಕ್ಕೆ ಬಂದದ್ದರಲ್ಲಿ 45 ಶೇಕಡಾ ಕೊಡುತ್ತಾರೆ. ಹಾಗಾಗಿ ಶಾರ್ಟ್ಸ್‌ನಲ್ಲಿ ಲಕ್ಷ ವ್ಯೂಸ್ ಬಂದರೂ ಕೈಗೆ ಬರುವುದು ತೀರಾ ಕಮ್ಮಿ. ಕನ್ನಡ ವಿಡಿಯೊ ನೋಡುವವರಲ್ಲಿ ಹೆಚ್ಚಿನವರು ಇಲ್ಲೇ ಇರುವವರು, ಇಲ್ಲಿನ ಜಾಹೀರಾತಿನ ರೇಟು ಅಮೆರಿಕದ ರೇಟಿಗಿಂತ ಬಹಳ ಕೆಳಗೆ.

ಆದ್ದರಿಂದ ಈ ಕೆಲಸದಲ್ಲಿ ಮನೆ ನಡೆಸುವವರು ಹೆಚ್ಚಾಗಿ ಬ್ರ್ಯಾಂಡ್‌ಗಳ ದುಡ್ಡು, ಸ್ಟೇಜ್ ಶೋ, ನಿರೂಪಣೆ, ನಟನೆ ಇವುಗಳಿಂದ ನಡೆಸುತ್ತಾರೆ. ವಿಡಿಯೊ ಅವರಿಗೆ ವಿಸಿಟಿಂಗ್ ಕಾರ್ಡ್. ಬ್ರ್ಯಾಂಡ್ ದುಡ್ಡು ತಗೊಂಡರೆ ಅದು ಜಾಹೀರಾತು ಅಂತ ವಿಡಿಯೊದಲ್ಲೇ ಎದ್ದು ಕಾಣುವ ಹಾಗೆ ಹಾಕಬೇಕು, 2021ರಿಂದ ಅದಕ್ಕೆ ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಮಂಡಳಿ ಎಎಸ್‌ಸಿಐ ಮಾಡಿದ ನಿಯಮ ಇದೆ. ನೋಡುವವರ ನಂಬಿಕೆ ಉಳಿಸಿಕೊಳ್ಳಲಿಕ್ಕೂ ಅದು ಬೇಕು. ಕಾಮಿಡಿ ಅಂತ ನೋಡುತ್ತಾ ಕೂತವರಿಗೆ ಕೊನೆಯಲ್ಲಿ ಬೆಟ್ಟಿಂಗ್ ಆ್ಯಪ್ ಮಾರುವವರನ್ನು ಕಂಡರೆ ನನಗೆ ಮೈ ಉರಿಯುತ್ತೆ. ದಯವಿಟ್ಟು ಆ ದಾರಿಗೆ ಹೋಗಬೇಡ, ಎಷ್ಟೇ ದುಡ್ಡು ಕೊಡಲಿ.

ಇನ್ನೊಂದು. ಸಿನಿಮಾ ಹಾಡು ಹಾಕಿದರೆ ಆ ವಿಡಿಯೊದ ಆದಾಯ ಹಾಡಿನ ಹಕ್ಕಿರುವ ಕಂಪನಿಗೆ ಹೋಗಬಹುದು. ಬೇರೆಯವರದ್ದನ್ನು ಕೇಳದೆ ಬಳಸಿದ್ದಕ್ಕೆ ಬೀಳುವ ಕಾಪಿರೈಟ್ ಸ್ಟ್ರೈಕ್ 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಒಂದೇ ಆ್ಯಪ್ ನಂಬಿಕೊಂಡೂ ಕೂರಬೇಡ. 2020ರ ಜೂನ್ 29ಕ್ಕೆ ಸರ್ಕಾರ ಟಿಕ್‌ಟಾಕ್ ನಿಷೇಧ ಮಾಡಿತು. ನಮ್ಮ ಹಳ್ಳಿ ಹಳ್ಳಿಗಳಲ್ಲಿ ಅದನ್ನೇ ನೆಚ್ಚಿಕೊಂಡಿದ್ದ ಹುಡುಗ ಹುಡುಗಿಯರು ರಾತ್ರಿ ಬೆಳಗಾಗುವುದರೊಳಗೆ ಎಲ್ಲ ಫಾಲೋವರ್‌ಗಳನ್ನೂ ಕಳೆದುಕೊಂಡರು. ಅವರಲ್ಲಿ ಜನರಿಗೆ ನೆನಪಿರುವಂಥ ಪಾತ್ರ ಕಟ್ಟಿದ್ದವರನ್ನು ಬೇರೆ ಕಡೆ ಹುಡುಕಿಕೊಂಡು ಬಂದರು. ಟ್ರೆಂಡ್ ಹಾಡಿಗೆ ತುಟಿ ಆಡಿಸಿದ್ದವರನ್ನು ಯಾರೂ ಹುಡುಕಲಿಲ್ಲ. ಬಿ.ಕಾಂ ಓದುತ್ತಿದ್ದೀಯ, ನಿನಗೆ ಇದು ಬೇಗ ಅರ್ಥವಾಗುತ್ತೆ: ಖಾತೆ ಕಂಪನಿಯದು, ಪಾತ್ರ ನಿನ್ನದು.

ಪ್ರ: ವಿಡಿಯೊದಲ್ಲಿ ಅಷ್ಟು ನಗಿಸುವವರು ಸಿನಿಮಾದಲ್ಲಿ ಯಾಕೆ ಅಷ್ಟು ನಗಿಸಲ್ಲ?
— ಬಸವನಗುಡಿ ಓದುಗರು

ಉ: ಎಲ್ಲ ಸಿನಿಮಾಗೂ ಈ ಮಾತು ಒಪ್ಪಲ್ಲ ನಾನು. ಆದರೆ ನೀವು ಹೇಳುತ್ತಿರುವುದರಲ್ಲಿ ಸತ್ಯ ಇದೆ. ಎರಡು ನಿಮಿಷದ ವಿಡಿಯೊಗೆ ಪಾತ್ರ ಸಾಕು, ಕಥೆ ಬೇಡ. ರಾಮಮೂರ್ತಿ ಬಂದರು, ಬೈದರು, ಹೋದರು, ಅಷ್ಟೇ. ಎರಡು ಗಂಟೆ ಸಿನಿಮಾದಲ್ಲಿ ಆ ಪಾತ್ರಕ್ಕೆ ಏನಾದರೂ ಬೇಕು ಅನ್ನಿಸಬೇಕು, ಅದು ಸಿಗದೆ ಒದ್ದಾಡಬೇಕು, ನಮಗೂ ಅದರ ಬಗ್ಗೆ ಚಿಂತೆ ಆಗಬೇಕು. ಈ ಜಿಗಿತ ಎಷ್ಟೋ ಜನಕ್ಕೆ ಆಗುವುದಿಲ್ಲ.

ನೊಗ್ರಾಜ್ ಅದನ್ನು ದಾಟಿತು ಅನ್ನೋದು ನನ್ನ ಅಭಿಪ್ರಾಯ, ಯಾಕೆಂದರೆ ಆ ಮನುಷ್ಯನಿಗೆ ಆಸೆ ಇದೆ. ಕಾರ್ಪೊರೇಟರ್ ಆಗಿದ್ದವನಿಗೆ ಎಂಎಲ್‌ಎ ಆಗಬೇಕು. 2022ರಲ್ಲಿ ವೂಟ್ ಅನ್ನುವ ಒಟಿಟಿಗೆ ಬಂದ ಸರಣಿಯಲ್ಲಿ ಮುಖ್ಯಮಂತ್ರಿ ಕುರ್ಚಿಯೇ ಬೇಕು, ಎಂಎಲ್‌ಎಗಳನ್ನು ರೆಸಾರ್ಟ್‌ಗೆ ಸಾಗಿಸುವ ಆಟ ಶುರು. ಎದುರಿಗೆ ಪ್ರಕಾಶ್ ಬೆಳವಾಡಿ. ಕರ್ನಾಟಕದಲ್ಲಿ ಇದ್ದವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಪ್ರೊಡಕ್ಷನ್ಸ್ ಮಾಡಿದ 'ಫ್ರೆಂಚ್ ಬಿರಿಯಾನಿ' 2020ರ ಜುಲೈನಲ್ಲಿ ನೇರವಾಗಿ ಒಟಿಟಿಗೆ ಬಂತು. ಅದರಲ್ಲಿ ನನಗೆ ಇಷ್ಟವಾಗಿದ್ದು ಊರು, ಆಟೊ, ಗಲ್ಲಿ, ಆ ಮಾತು. ಕಥೆ ಅಲ್ಲಲ್ಲಿ ಎಳೆಯಿತು. 2022ರ 'ಒನ್ ಕಟ್ ಟೂ ಕಟ್' ನನಗೆ ಅಷ್ಟು ಹಿಡಿಸಲಿಲ್ಲ. ಹೊಸ ಹುಡುಗರನ್ನು ನಂಬಿ ದುಡ್ಡು ಹಾಕುವ ಪುನೀತ್ ಅವರಂಥವರು ಇದ್ದರು ಅನ್ನೋದನ್ನು ಮಾತ್ರ ಮರೆಯಬಾರದು.

ಪ್ರ: ಮನೆಕೆಲಸದವರು, ಆಟೊದವರು, ಹಳ್ಳಿ ಮಾತಿನವರು, ಇವರನ್ನೇ ಯಾಕೆ ತಮಾಷೆ ಮಾಡ್ತಾರೆ? ನಮ್ಮ ಅಮ್ಮ ಮನೆಕೆಲಸ ಮಾಡಿ ನನ್ನ ಓದಿಸಿದ್ದು. ಕೆಲವು ರೀಲ್ಸ್ ನೋಡಿದರೆ ಅಳು ಬರುತ್ತೆ.
— ಕೋಲಾರದ ಓದುಗರು

ಉ: ನಿಮ್ಮ ಪತ್ರ ಓದಿ ಮನಸ್ಸಿಗೆ ನೋವಾಯಿತು. ನೀವು ಹೇಳುವಂಥ ರೀಲ್ಸ್ ಇವೆ, ಜಾಸ್ತಿಯೇ ಇವೆ. ತಲೆಗೆ ಟವೆಲ್ ಸುತ್ತಿ, ಇಂಗ್ಲಿಷ್ ತಪ್ಪು ಮಾತಾಡಿ, ಅದೇ ಜೋಕು ಅಂದುಕೊಳ್ಳುತ್ತಾರೆ. ಅಂಥದ್ದು ಬಂದರೆ ನಾನು ನೋಡದೆ ಮುಂದಕ್ಕೆ ಹೋಗಿಬಿಡುತ್ತೇನೆ.

ನೋಡುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ. ಆ ಸೀನಿನಲ್ಲಿ ಕೊನೆಗೆ ಗೆಲ್ಲುವವರು ಯಾರು? ಕೆಲಸದವರ ಒಂದು ಮಾತಿಗೆ ದೊಡ್ಡ ಮನೆಯವರು ಬಾಯಿ ಮುಚ್ಚುವ ಹಾಗಾದರೆ ಆ ನಗು ನಿಮ್ಮ ಅಮ್ಮನ ಕಡೆಗಿದೆ. ಕೆಲಸದವರಿಗೆ ತಿಳಿವಳಿಕೆ ಇಲ್ಲ ಅನ್ನೋದೇ ಜೋಕಾದರೆ ಅದು ಕೆಟ್ಟ ಜೋಕು, ಎಷ್ಟು ಲಕ್ಷ ಲೈಕ್ ಬಂದರೂ ಸರಿ. ನೊಗ್ರಾಜ್ ಪಾತ್ರ ನನಗೆ ಇಷ್ಟವಾಗುವುದು ಇದಕ್ಕೇ. ಅಲ್ಲಿ ನಾವು ನಗುವುದು ಕೈಯಲ್ಲಿ ಅಧಿಕಾರ ಇರುವವನನ್ನು ನೋಡಿ. ಅದೇ ಕಾರಣಕ್ಕೆ ಪ್ರ್ಯಾಂಕ್ ಕಾಲ್ ಬಗ್ಗೆ ನನಗೆ ಪೂರ್ತಿ ಸಮಾಧಾನ ಇಲ್ಲ, ಯಾರು ಮಾಡಿದರೂ. ಆ ಕಡೆ ಫೋನ್ ಎತ್ತಿದವರು ಕೆಲಸದ ಮಧ್ಯೆ ಇರುವ ಸಾಮಾನ್ಯ ಜನ, ಗಾಬರಿ ಆಗುವುದು ಅವರಿಗೆ. ಅದರಲ್ಲಿರುವ ಕಲೆಯನ್ನು ಮೆಚ್ಚುತ್ತೇನೆ, ಈ ಮಾತನ್ನೂ ಹೇಳಲೇಬೇಕು.

ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಪ್ರ: ದೆಹಲಿಯಲ್ಲಿದ್ದೇವೆ. ಇಲ್ಲಿ ಎಲ್ಲರೂ ಭುವನ್ ಬಾಮ್ ಅಂತಾರೆ. ನಮ್ಮ ದಾನಿಶ್ ದೊಡ್ಡವರಾ, ಅವರಾ?
— ದೆಹಲಿ ಕನ್ನಡಿಗರು

ಉ: ಹೋಲಿಕೆ ಬೇಡ. ಆದರೆ ಇಬ್ಬರ ದಾರಿ ನೋಡಿದರೆ ಕಲಿಯುವುದಿದೆ. ಭುವನ್ ದೆಹಲಿಯ ರೆಸ್ಟೊರೆಂಟ್‌ಗಳಲ್ಲಿ ಹಾಡುತ್ತಿದ್ದವರು. 2015ರಲ್ಲಿ 'ಬಿಬಿ ಕಿ ವೈನ್ಸ್' ಶುರುಮಾಡಿದರು, ಫೋನಿನ ಮುಂದಿನ ಕ್ಯಾಮೆರಾದಲ್ಲಿ, ಒಬ್ಬರೇ ಎಲ್ಲ ಪಾತ್ರ ಮಾಡಿಕೊಂಡು. 2018ರಲ್ಲಿ 1 ಕೋಟಿ ಸಬ್‌ಸ್ಕ್ರೈಬರ್ ದಾಟಿದರು, ಒಂಟಿಯಾಗಿ ಚಾನೆಲ್ ನಡೆಸುವ ಭಾರತೀಯರಲ್ಲಿ ಅವರೇ ಮೊದಲಿಗರು. 2021ರಲ್ಲಿ ಕೋವಿಡ್‌ನಿಂದ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರು. ಅದೇ ವರ್ಷ ಆ ಹಳೆಯ ಪಾತ್ರಗಳನ್ನೆಲ್ಲ ಸೇರಿಸಿ 'ಢಿಂಡೋರಾ' ಸರಣಿ ತಂದರು. ಒಬ್ಬರು ರೇಡಿಯೊದಿಂದ, ಇನ್ನೊಬ್ಬರು ಹಾಡಿನಿಂದ ಬಂದವರು. ಇಬ್ಬರೂ ದನಿಯಲ್ಲಿ ಕೆಲಸ ಮಾಡಿ ಬಂದವರು ಅನ್ನೋದು ನನಗೆ ಮುಖ್ಯವಾಗಿ ಕಾಣುತ್ತೆ.

ಹಿಂದಿಗೆ ಕೇಳುವವರು ಜಾಸ್ತಿ, ಆ ಸಂಖ್ಯೆ ಕನ್ನಡಕ್ಕೆ ಬರುವುದಿಲ್ಲ. ಸಂಖ್ಯೆ ಹಿಡಿದು ನಮ್ಮವರನ್ನು ಅಳೆಯಬೇಡಿ.

ಪ್ರ: ಎಲ್ಲರನ್ನೂ ನಗಿಸುವವರಿಗೇ ಡಿಪ್ರೆಷನ್ ಅಂತಾರೆ. ನಿಜವಾ? ನಾನೂ ವಿಡಿಯೊ ಮಾಡ್ತೀನಿ. ವ್ಯೂಸ್ ಬೀಳದ ದಿನ ಊಟ ಸೇರಲ್ಲ.
— ಹೆಸರು ಬೇಡ, ತುಮಕೂರು

ಉ: ನಗಿಸುವವರಿಗೇ ಬರುತ್ತೆ ಅಂತ ಏನೂ ಇಲ್ಲ. ಯಾರಿಗಾದರೂ ಬರಬಹುದು. ಆದರೆ ಈ ಕೆಲಸದಲ್ಲಿ ಒಂದು ಕಷ್ಟ ಇದೆ, ದಿನಾ ಬೆಳಿಗ್ಗೆ ನಿಮಗೆ ಮಾರ್ಕ್ಸ್ ಬರುತ್ತೆ. ನಿನ್ನೆ ಎರಡು ಲಕ್ಷ, ಇವತ್ತು ಎಂಟು ಸಾವಿರ. ವಿಡಿಯೊ ಅಷ್ಟೇ ಚೆನ್ನಾಗಿದ್ದರೂ ಆ್ಯಪ್ ಅದನ್ನು ಜನರಿಗೆ ತೋರಿಸದೇ ಇರಬಹುದು. ಅದರ ಕಾರಣ ನಿಮಗೆ ಗೊತ್ತಾಗುವುದೂ ಇಲ್ಲ.

ದಾನಿಶ್ ತಮ್ಮ ಮಾನಸಿಕ ಆರೋಗ್ಯದ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತಾಡಿದ್ದಾರೆ. ಅಷ್ಟು ಹೆಸರು ಮಾಡಿದವರು ಹಾಗೆ ಹೇಳಿಕೊಂಡಿದ್ದರಿಂದ ಎಷ್ಟೋ ಹುಡುಗರಿಗೆ ಬಾಯಿ ಬಿಡುವ ಧೈರ್ಯ ಬಂದಿರುತ್ತೆ. ನೀವೂ ಬಿಡಿ. ವಿಡಿಯೊ ಹಾಕಿದ ಮೇಲೆ ಒಂದು ದಿನ ಸಂಖ್ಯೆ ನೋಡಬೇಡಿ, ನೋಟಿಫಿಕೇಷನ್ ಆಫ್ ಮಾಡಿ. ಊಟ, ನಿದ್ದೆ ಎರಡು ವಾರಕ್ಕಿಂತ ಹೆಚ್ಚು ಕೆಟ್ಟರೆ ವೈದ್ಯರನ್ನು ನೋಡಿ. ಟೆಲಿಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಇವತ್ತೇ ಮಾಡಿ.

ಪ್ರ: ಹುಡುಗಿ ಕಾಮಿಡಿ ಮಾಡಿದರೆ ಕಾಮೆಂಟ್‌ನಲ್ಲಿ ಕೊಳಕು ಮಾತು. ಮನೆಯಲ್ಲಿ ಬೇಡ ಅಂತಾರೆ. ಬಿಟ್ಟುಬಿಡಲಾ ಅಕ್ಕ?
— ಡಿಗ್ರಿ ವಿದ್ಯಾರ್ಥಿನಿ, ಹಾಸನ

ಉ: ಬಿಡಬೇಡಮ್ಮ. ದಾನಿಶ್ ಇದ್ದ ಅದೇ ಇಂಪ್ರೊವ್ ತಂಡದ ಸ್ಟೇಜ್‌ನಿಂದಲೇ ಸುಮುಖಿ ಸುರೇಶ್ ಬಂದಿದ್ದು. ಬೆಂಗಳೂರಿನಲ್ಲೇ ನಡೆಯುವ 'ಪುಷ್ಪವಲ್ಲಿ' ಸರಣಿಯನ್ನು ತಾವೇ ಕಟ್ಟಿ, ತಾವೇ ಮುಖ್ಯ ಪಾತ್ರ ಮಾಡಿದರು, 2017ರಲ್ಲಿ. ಅದರಲ್ಲಿ ಹುಡುಗಿ ಒಳ್ಳೆಯವಳಾಗಿ, ಚೆಂದವಾಗಿ ಕಾಣಬೇಕು ಅನ್ನುವ ಹಂಗೇ ಇಲ್ಲ. ಸುಳ್ಳು ಹೇಳುತ್ತಾಳೆ, ಹಟ ಮಾಡುತ್ತಾಳೆ, ಆದರೂ ಅವಳ ಜೊತೆ ನಾವು ಹೋಗುತ್ತೇವೆ.

ಕಾಮೆಂಟ್‌ಗೆ ಎರಡು ದಾರಿ. ಸೆಟ್ಟಿಂಗ್ಸ್‌ನಲ್ಲಿ ನಿನಗೆ ಬೇಡದ ಪದಗಳ ಪಟ್ಟಿ ಹಾಕು, ಕನ್ನಡ ಲಿಪಿಯಲ್ಲಿ ಒಂದು ಸಲ, ಇಂಗ್ಲಿಷ್ ಲಿಪಿಯಲ್ಲಿ ಒಂದು ಸಲ. ಆ ಪದ ಇರುವ ಕಾಮೆಂಟ್ ತಾನಾಗೇ ಮರೆಯಾಗುತ್ತೆ. ಬೆದರಿಕೆ ಹಾಕಿದರೆ, ಫೋಟೊ ತಿದ್ದಿದರೆ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಸೈಬರ್ ಠಾಣೆಗೆ ದೂರು ಕೊಡು. ಅದನ್ನು ಸಹಿಸಿಕೊಂಡು ಕೂರಬಾರದು. ಮನೆಯವರಿಗೆ ಕಾಮೆಂಟ್ ತೋರಿಸುವ ಮೊದಲು ನಿನ್ನ ಒಂದು ವಿಡಿಯೊ ತೋರಿಸು. ಅಮ್ಮನಿಗೆ ನಗು ಬಂತಾ ನೋಡು.

ಪ್ರ: ಶುರು ಮಾಡಲು ಕ್ಯಾಮೆರಾ ಯಾವುದು ತಗೊಳ್ಳಲಿ? 40 ಸಾವಿರ ಇದೆ.
— ಹೊಸಪೇಟೆ ಓದುಗರು

ಉ: ಕ್ಯಾಮೆರಾ ಬೇಡ. ಇರುವ ಫೋನೇ ಸಾಕು. ಕಾಲರ್‌ಗೆ ಸಿಕ್ಕಿಸುವ ಚಿಕ್ಕ ಮೈಕ್ ಒಂದು ತಗೊಳ್ಳಿ, ಸಾವಿರ ಎರಡು ಸಾವಿರಕ್ಕೆ ಒಳ್ಳೆಯದು ಸಿಗುತ್ತೆ. ಚಿತ್ರ ಸ್ವಲ್ಪ ಮಂಕಾಗಿದ್ದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಮೂರು ಸೆಕೆಂಡ್‌ನಲ್ಲಿ ಹೋಗಿಬಿಡುತ್ತಾರೆ. ಬೆಳಿಗ್ಗೆ ಕಿಟಕಿಗೆ ಮುಖ ಮಾಡಿ ಕೂತರೆ ಲೈಟೂ ಬೇಡ. ಫ್ಯಾನ್ ಆಫ್ ಮಾಡಿ, ಅದರ ಸೌಂಡ್ ಮೈಕ್‌ಗೆ ಬರುತ್ತೆ. ಉಳಿದ ದುಡ್ಡು ಬ್ಯಾಂಕಿನಲ್ಲಿರಲಿ, ಮೊದಲ ವರ್ಷ ಈ ಕೆಲಸದಿಂದ ಏನೂ ಬರುವುದಿಲ್ಲ ಅಂದುಕೊಂಡೇ ಶುರುಮಾಡಿ.